ಕೆನೆ ತೆಗೆದ ಹಾಲು, ಬಾಣಂತಿಯ ಪಾಲು

ದಾವಣಗೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬೆಣ್ಣೆ ದೋಸೆ. ಊರಿನವರಿಗೆ ಅದರ ಜೊತೆಗೆ ಮಂಡಕ್ಕಿ, ಮಿರ್ಚಿ ಮತ್ತು ಮುಚ್ಚಿಹೋದ ಹತ್ತಿ ಗಿರಣಿಗಳೂ ನೆನಪಾಗುತ್ತವೆ. ಸರಕಾರ ಬಡ ತಾಯಂದಿರಿಗೂ ಮಕ್ಕಳಿಗೂ ಕೊಡುತ್ತಾ ಬಂದ ಹಾಲಿನ ಬಗ್ಗೆ ಬರೆಯುವಾಗ ಈ ಬೆಣ್ಣೆಯಿಂದಲೇ ಶುರು ಮಾಡುವುದು ಸರಿಯೆನಿಸುತ್ತದೆ. ಹಾಲಿನಿಂದ ಕೆನೆ ತೆಗೆದು ಬೆಣ್ಣೆ ಮಾಡಿದ ಮೇಲೆ ಒಂದಿಷ್ಟು ತೆಳು ಹಾಲು ಉಳಿಯುತ್ತದೆ. ಅದು ಯಾರ ಪಾಲು? ಕಳೆದ ಶತಮಾನದ ಬಹುಭಾಗ ಜಗತ್ತಿನ ಉತ್ತರ ಒಂದೇ ಆಗಿತ್ತು: ಬಡವರ ಮಕ್ಕಳ ಪಾಲು.

ಆದರೆ ತಾಯಿ ಮತ್ತು ಮಗುವಿನ ಆಹಾರಕ್ಕೆ ಆಡಳಿತವೇ ಹೊಣೆ ಎಂಬ ವಿಚಾರ ಕಳೆದ ಶತಮಾನದ್ದಲ್ಲ. ಎರಡನೆಯ ಖಲೀಫಾ ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆಯನ್ನು ಇಬ್ನ್ ಸಅದ್ ಮೊದಲಾದ ಚರಿತ್ರೆಕಾರರು ದಾಖಲಿಸಿದ್ದಾರೆ. ಮದೀನದ ಹೊರವಲಯದಲ್ಲಿ ವ್ಯಾಪಾರಿಗಳ ತಂಡವೊಂದು ಬೀಡುಬಿಟ್ಟಿತ್ತು. ರಾತ್ರಿ ಕಾವಲಿಗೆ ಖಲೀಫಾ ಸ್ವತಃ ಹೊರಟರು. ಜೊತೆಗೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಇದ್ದರು. ಮಗುವೊಂದು ಅಳುತ್ತಿತ್ತು. ಉಮರ್(ರ) ಹೋಗಿ ಮಗುವನ್ನು ಸುಮ್ಮನಾಗಿಸುವಂತೆ ತಾಯಿಗೆ ಹೇಳಿ ಬಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅಳು, ಮತ್ತೆ ಹೋದರು. ರಾತ್ರಿಯ ಕೊನೆಯ ಜಾವದಲ್ಲಿ ಮೂರನೆಯ ಬಾರಿ ಹೋಗಿ ಗದರಿದಾಗ, ಎದುರಿಗಿರುವುದು ಯಾರೆಂದು ಅರಿಯದ ಆ ಹೆಂಗಸು ಕಾರಣ ಹೇಳಿದಳು. ಖಲೀಫಾ ಭತ್ಯೆ ಕೊಡುವುದು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ. ಅದಕ್ಕಾಗಿ ಮಗುವಿಗೆ ಅವಧಿಗೆ ಮುಂಚೆಯೇ ಹಾಲು ಬಿಡಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ ಎಂದು. ಮಗುವಿಗೆ ಆಗಿದ್ದದ್ದು ಕೆಲವೇ ತಿಂಗಳು. ಆ ಮುಂಜಾನೆಯ ನಮಾಝಿನಲ್ಲಿ ಖಲೀಫಾರ ಅಳುವಿನಿಂದಾಗಿ ಅವರ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ಅಂದೇ ಡಂಗುರ ಸಾರಲಾಯಿತು: ಹಾಲು ಬಿಡಿಸಲು ಯಾರೂ ಅವಸರ ಮಾಡಬೇಡಿ, ಇನ್ನು ಮುಂದೆ ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಭತ್ಯೆ ಇದೆ. ಎಲ್ಲ ಪ್ರಾಂತ್ಯಗಳಿಗೂ ಆದೇಶ ಹೋಯಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಖಲೀಫಾರ ಕರುಣೆಗೆ, ವಿನಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಹೌದು. ಆದರೆ ಆಡಳಿತದ ದೃಷ್ಟಿಯಿಂದ ಅದರಲ್ಲಿ ಇನ್ನೊಂದು ಸಂಗತಿಯಿದೆ. ಭತ್ಯೆ ಕೊಡುವ ಉದ್ದೇಶ ಒಳ್ಳೆಯದೇ ಇತ್ತು, ಹಣವೂ ಇತ್ತು. ತೊಂದರೆ ಇದ್ದದ್ದು ನಿಯಮದ ಒಂದು ಅಂಚಿನಲ್ಲಿ. ಆ ಅಂಚು ತಾಯಿಯ ಎದೆಹಾಲಿಗೂ ಬೈತುಲ್‌ಮಾಲ್‌ನ ಹಣಕ್ಕೂ ನಡುವೆ ಸ್ಪರ್ಧೆ ಹಚ್ಚಿಬಿಟ್ಟಿತ್ತು. ಕುರ್‌ಆನ್ ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತದಲ್ಲಿ ಪೂರ್ಣ ಎರಡು ವರ್ಷ ಹಾಲುಣಿಸುವ ಬಗ್ಗೆ ಹೇಳುವಾಗ, ಹಾಲುಣಿಸುವ ತಾಯಿಯ ಊಟ-ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ, ಅವನಿಲ್ಲದಿದ್ದರೆ ವಾರಸುದಾರರ ಮೇಲೆ ಹೊರಿಸುತ್ತದೆ. ಅಂದರೆ ಮಗುವಿಗೆ ಹಾಲು ಸಿಗಬೇಕಾದರೆ ಮೊದಲು ತಾಯಿಗೆ ಊಟ ಸಿಗಬೇಕು. ಈಗಿನ ಪೌಷ್ಟಿಕ ಆಹಾರ ಯೋಜನೆಗಳೆಲ್ಲ ತಿರುಗಾಡಿ ಬಂದು ನಿಂತಿರುವುದೂ ಇಲ್ಲಿಗೇ.

ಆಧುನಿಕ ಕಾಲದಲ್ಲಿ ಸರಕಾರವೊಂದು ಈ ಹೊಣೆಯನ್ನು ದೊಡ್ಡ ಪ್ರಮಾಣದಲ್ಲಿ ಹೊತ್ತದ್ದು ಯುದ್ಧಕಾಲದ ಬ್ರಿಟನ್. 1940ರಲ್ಲಿ ಅಲ್ಲಿ ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ದಿನಕ್ಕೊಂದು ಪೈಂಟ್, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಹಾಲನ್ನು ಕಡಿಮೆ ಬೆಲೆಗೆ, ತೀರಾ ಬಡವರಿಗೆ ಉಚಿತವಾಗಿ ಕೊಡಲಾಯಿತು. ಬಾಂಬು ಬೀಳುತ್ತಿದ್ದ ವರ್ಷಗಳಲ್ಲಿ ಅಲ್ಲಿನ ಮಕ್ಕಳ ಆರೋಗ್ಯ ಕೆಡಲಿಲ್ಲ. ಅದೇ ವರ್ಷಗಳಲ್ಲಿ, 1943ರಲ್ಲಿ, ಅದೇ ಸರಕಾರದ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಇದನ್ನು ಇಲ್ಲಿ ನೆನಪಿಸದೆ ಮುಂದೆ ಹೋಗುವುದು ಕಷ್ಟ.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹಾಲು ಹೆಚ್ಚಾಯಿತು. ರೈತರಿಗೆ ಬೆಂಬಲ ಬೆಲೆ ಕೊಡಲು ಸರಕಾರವೇ ಹಾಲಿನ ಪುಡಿಯನ್ನು ಕೊಂಡು ಗೋದಾಮಿನಲ್ಲಿ ತುಂಬಿಸುತ್ತಿತ್ತು. ಬೆಣ್ಣೆಗೆ ಅಲ್ಲಿಯೇ ಗಿರಾಕಿಯಿದ್ದರು. ಕೆನೆ ತೆಗೆದ ಹಾಲಿನ ಪುಡಿಗೆ ಗಿರಾಕಿ ಕಡಿಮೆ. ಆ ಪುಡಿ ಯುನಿಸೆಫ್ ಮೂಲಕ 1949ರಿಂದ ಭಾರತಕ್ಕೂ ಬಂತು. 1950ರಲ್ಲಿ ಕೇರ್ ಸಂಸ್ಥೆ ಬಂತು. 1954ರ ಪಿಎಲ್ 480 ಕಾನೂನಿನ ನಂತರ ಹರಿವು ಇನ್ನೂ ಹೆಚ್ಚಿತು. ಆಗ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಯ ತಾಲೂಕುಗಳು. ಹಳೆಯ ಮೈಸೂರು ಸೀಮೆಯ ಸರಕಾರಿ ಶಾಲೆಗಳಲ್ಲಿ ಕಲಿತ ಒಂದು ಇಡೀ ತಲೆಮಾರಿಗೆ ಕೇರ್ ಉಪ್ಪಿಟ್ಟಿನ ರುಚಿ, ದೊಡ್ಡ ಪಾತ್ರೆಯಲ್ಲಿ ಕದಡಿದ ಪುಡಿಹಾಲಿನ ವಾಸನೆ ಇಂದಿಗೂ ನೆನಪಿದೆ. ಕೆಲವರು ಬೆಲ್ಲ ಹಾಕಿ ಕುಡಿದರು, ಕೆಲವರು ಮೂಗು ಹಿಡಿದು ಕುಡಿದರು.

ಆ ಹಾಲಿನಲ್ಲಿ ಪ್ರೋಟೀನು ಧಾರಾಳವಾಗಿತ್ತು; ನೂರು ಗ್ರಾಂ ಪುಡಿಯಲ್ಲಿ ಸುಮಾರು 35 ಗ್ರಾಂ. ಆದರೆ ಕೆನೆಯ ಜೊತೆಗೆ ಎ ಜೀವಸತ್ವವೂ ಹೊರಟುಹೋಗಿರುತ್ತದೆ. ಅಪೌಷ್ಟಿಕ ಮಗುವಿಗೆ ಪ್ರೋಟೀನು ಸಿಕ್ಕಿ ಅದು ಬೆಳೆಯತೊಡಗಿದರೆ ದೇಹದಲ್ಲಿ ಅಳಿದುಳಿದ ಎ ಜೀವಸತ್ವವೂ ಬೇಗ ಮುಗಿಯುತ್ತದೆ. ಬ್ರೆಜಿಲ್‌ನಂಥ ಕಡೆ ಇಂಥ ಹಾಲು ಹಂಚಿದ ಪ್ರದೇಶಗಳಲ್ಲಿ ಮಕ್ಕಳ ಕಣ್ಣಿನ ತೊಂದರೆ ಕಾಣಿಸಿಕೊಂಡಾಗ ಎಚ್ಚರ ಮೂಡಿ, 1960ರ ದಶಕದಲ್ಲಿ ಪುಡಿಗೆ ಎ ಜೀವಸತ್ವ ಬೆರೆಸುವುದು ಆರಂಭವಾಯಿತು. ದಾನದ ಹಾಲು ಎಂದ ಮಾತ್ರಕ್ಕೆ ಪೂರ್ಣ ಹಾಲೆಂದು ತಿಳಿಯಬೇಕಾಗಿಲ್ಲ.

ಇತ್ತ ದಾವಣಗೆರೆಯಂಥ ಗಿರಣಿ ಊರಿಗೆ ಇನ್ನೊಂದು ದಾರಿಯೂ ತೆರೆದಿತ್ತು. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು ನಿಗದಿತ ಸಂಖ್ಯೆಗಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂದು ಹೇಳಿತ್ತು. ಆ ಮಕ್ಕಳಿಗೆ ಉಚಿತ ಹಾಲು ಅಥವಾ ತಿಂಡಿ ಕೊಡುವಂತೆ, ತಾಯಂದಿರು ನಡುನಡುವೆ ಬಂದು ಮಗುವಿಗೆ ಹಾಲುಣಿಸಲು ಅನುಕೂಲ ಮಾಡುವಂತೆ ನಿಯಮ ರೂಪಿಸುವ ಅಧಿಕಾರವನ್ನೂ ರಾಜ್ಯ ಸರಕಾರಗಳಿಗೆ ಕೊಟ್ಟಿತ್ತು. ಭಾರತದ ಕಾನೂನಿನಲ್ಲಿ ದುಡಿಯುವ ತಾಯಿಯ ಮಗುವಿನ ಹಾಲು ಹಕ್ಕಿನ ರೂಪ ಪಡೆದದ್ದು ಹೀಗೆ. ಕಾರ್ಮಿಕ ಸಂಘಟನೆ ಬಲವಾಗಿದ್ದ ಊರು ದಾವಣಗೆರೆ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ಊರು. ಪಕ್ಕದ ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಿತ್ತು. ಆದರೆ ಈ ಕಾನೂನಿನ ಹಾಲು ಕಾರ್ಖಾನೆಯ ಗೇಟಿನೊಳಗೆ ಮಾತ್ರ. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ, ಮಂಡಕ್ಕಿ ಭಟ್ಟಿಯಲ್ಲಿ ಗಂಡನ ಜೊತೆ ದುಡಿಯುವವಳಿಗೆ ಗೇಟೇ ಇರಲಿಲ್ಲ. 1966ರ ಬೀಡಿ ಕಾರ್ಮಿಕರ ಕಾಯಿದೆಯಲ್ಲೂ ಶಿಶುವಿಹಾರದ ಮಾತಿತ್ತು, ಅದೂ ಬೀಡಿ ಕಟ್ಟುವ ಕಟ್ಟಡಕ್ಕೆ ಸಂಬಂಧಿಸಿದ್ದು. ಈ ಎರಡೂ ಊರುಗಳ ಮುಸ್ಲಿಮ್ ಮೊಹಲ್ಲಾಗಳ ತಾಯಂದಿರಲ್ಲಿ ಬಹಳಷ್ಟು ಮಂದಿ ದುಡಿಯುತ್ತಿದ್ದದ್ದು ಇಂಥ ಗೇಟಿಲ್ಲದ ಕಡೆಗಳಲ್ಲಿ. ಮುಂದೆ ಗಿರಣಿಗಳೂ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿದಾಗ, ಗೇಟಿನೊಳಗೆ ಇದ್ದವರೂ ಹೊರಗೆ ಬಂದರು.

ಸರಕಾರವೇ ಡೇರಿ ಕಟ್ಟಿದ ಕಥೆ ಬೇರೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದ ಬೆಂಗಳೂರು ಡೇರಿಗೆ ಯುನಿಸೆಫ್ ನೆರವಿತ್ತು. ಇದಕ್ಕೆ ಹತ್ತು ವರ್ಷ ಮುಂಚೆ ಗುಜರಾತಿನ ಆನಂದದಲ್ಲಿ ಯುನಿಸೆಫ್ ಯಂತ್ರಗಳನ್ನು ಕೊಟ್ಟಾಗ ಒಂದು ಷರತ್ತು ಹಾಕಿತ್ತು. ಯಂತ್ರದ ಬೆಲೆಯ ಒಂದೂವರೆ ಪಟ್ಟು ಮೌಲ್ಯದ ಹಾಲನ್ನು ಆ ಸೀಮೆಯ ಬಡ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಒಳ್ಳೆಯ ಷರತ್ತು. 1970ರಲ್ಲಿ ಕ್ಷೀರಧಾರೆ ಯೋಜನೆ, ಅಂದರೆ ಆಪರೇಷನ್ ಫ್ಲಡ್ ಬಂದಾಗ ಲೆಕ್ಕ ಬದಲಾಯಿತು. ಮೊದಲ ಹಂತಕ್ಕೆ ಗೊತ್ತುಮಾಡಿದ 1,26,000 ಟನ್ ಕೆನೆ ತೆಗೆದ ಪುಡಿ ಮತ್ತು 42,000 ಟನ್ ಬೆಣ್ಣೆಯೆಣ್ಣೆ ದಾನವಾಗಿಯೇ ಬರುವಂಥದು. ಆದರೆ ಅದನ್ನು ಹಂಚಲಿಲ್ಲ. ಕಲಸಿ ಹಾಲು ಮಾಡಿ ಮಹಾನಗರಗಳಲ್ಲಿ ಮಾರಿ, ಆ ಹಣದಲ್ಲಿ ಡೇರಿ ಉದ್ಯಮ ಕಟ್ಟಲಾಯಿತು. ವರ್ಗೀಸ್ ಕುರಿಯನ್ ಅವರ ಈ ಜಾಣತನವನ್ನು ಮೆಚ್ಚದಿರಲು ಸಾಧ್ಯವಿಲ್ಲ. ಅದಿಲ್ಲದಿದ್ದರೆ ನಾವು ಇಂದಿಗೂ ಪರದೇಶದ ಪುಡಿಗೆ ಕಾಯುತ್ತಿದ್ದೆವೋ ಏನೋ. ಆದರೂ ಒಂದು ಮಾತು ಹೇಳಬೇಕು. ಹಳ್ಳಿಯ ಹಾಲಿಗೆ ಪೇಟೆಯ ಬೆಲೆ ಬಂದಾಗ, ಎಮ್ಮೆ ಸಾಕಿದ ಮನೆಯ ಮಗುವಿನ ಲೋಟಕ್ಕೂ ಡೇರಿಯ ಕ್ಯಾನಿಗೂ ನಡುವೆ ಹೊಸ ಲೆಕ್ಕಾಚಾರ ಶುರುವಾಯಿತು. ಮೊದಲು ಬೆಣ್ಣೆ ತೆಗೆದು ಮಾರಿ, ಮಜ್ಜಿಗೆಯನ್ನು ಮನೆಗೆ, ಕೇರಿಯ ಬಡವರಿಗೆ ಕೊಡುವ ಪದ್ಧತಿಯಿತ್ತು. ಹಾಲನ್ನೇ ಮಾರಿದ ಮೇಲೆ ಮಜ್ಜಿಗೆಯೂ ಇಲ್ಲ.

ದಾವಣಗೆರೆ, ಹರಿಹರದ ಹಳ್ಳಿಗಳ ಹಾಲು ಸೇರುವುದು ಶಿವಮೊಗ್ಗ ಹಾಲು ಒಕ್ಕೂಟಕ್ಕೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರಕ್ಕೂ ಅದೊಂದೇ ಒಕ್ಕೂಟವಾಗಿ ಬೆಳೆದು ಬಂದದ್ದು. 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆ ಜಿಲ್ಲೆಯಾದಾಗಲೂ ಹಾಲಿನ ನಕ್ಷೆ ಬದಲಾಗಲಿಲ್ಲ.

ಅಂಗನವಾಡಿ ಬಂದದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ನಿಧಾನವಾಗಿ ಎಲ್ಲ ತಾಲೂಕುಗಳಿಗೆ ಹಬ್ಬಿತು. ಮೊದಲ ದಶಕಗಳಲ್ಲಿ ಅಂಗನವಾಡಿಯ ಆಹಾರವೆಂದರೆ ಕೇರ್‌ನ ಪದಾರ್ಥ, ಎನರ್ಜಿ ಫುಡ್ ಎಂಬ ಹುರಿದ ಪುಡಿ, ಆಮೇಲೆ ಉಪ್ಪಿಟ್ಟು, ಚಿತ್ರಾನ್ನ. ಹಾಲು ಖಾಯಂ ಬಾಬತ್ತಾಗಿರಲಿಲ್ಲ. ನಂದಿನಿ ಹಾಲಿನ ವ್ಯಾನು ಅಂಗನವಾಡಿಯ ಮುಂದೆಯೇ ಹಾದುಹೋಗುತ್ತಿದ್ದ ಕಾಲವಿದು.

ಬದಲಾವಣೆಗೆ ಎರಡು ಕಡೆಯಿಂದ ಒತ್ತಡ ಬಂತು. ಒಂದು ನ್ಯಾಯಾಲಯ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಪ್ರತಿ ಮಗುವಿಗೂ ಗರ್ಭಿಣಿಗೂ ಬಾಣಂತಿಗೂ ಪೂರಕ ಆಹಾರ ಸಿಗಲೇಬೇಕೆಂದು ಆದೇಶಿಸಿತು. 2006ರಲ್ಲಿ ಪ್ರತಿ ಜನವಸತಿಗೂ ಅಂಗನವಾಡಿ ಬೇಕೆಂದು ಇನ್ನಷ್ಟು ಬಿಗಿಗೊಳಿಸಿತು. ಕರ್ನಾಟಕದಲ್ಲಿ ರಾಯಚೂರು ಕಡೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿಗಳ ನಂತರ ಹೈಕೋರ್ಟು ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಇನ್ನೊಂದು ಒತ್ತಡ ಡೇರಿಯದ್ದು. 2008ರಲ್ಲಿ ರೈತರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭವಾದ ಮೇಲೆ ಹಾಲು ಹೆಚ್ಚುತ್ತಾ ಹೋಗಿ, ಹಾಲು ಮಹಾಮಂಡಳಿಯ ಬಳಿ ಮಾರಾಟವಾಗದ ಪುಡಿ ರಾಶಿ ಬಿತ್ತು. 2013ರ ಆಗಸ್ಟ್ 1ರಂದು ಸಿದ್ದರಾಮಯ್ಯ ಸರಕಾರ ಕ್ಷೀರಭಾಗ್ಯ ಆರಂಭಿಸಿದಾಗ ಈ ಎರಡೂ ಕಾರಣಗಳು ಕೂಡಿದ್ದವು. ಶಾಲೆ ಮತ್ತು ಅಂಗನವಾಡಿಗಳ ಒಂದು ಕೋಟಿಗೂ ಮಿಕ್ಕಿದ ಮಕ್ಕಳಿಗೆ ಒಂದೊಂದು ಲೋಟ, 150 ಮಿಲಿಲೀಟರ್. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ.

ಹೆಚ್ಚುವರಿ ಹಾಲು ಖಾಲಿ ಮಾಡಲು ಮಾಡಿದ ಯೋಜನೆಯೆಂದು ಕೆಲವರು ಮೂದಲಿಸಿದರು. ಅಮೆರಿಕದ ಪುಡಿಯೂ ಹಾಗೆಯೇ ಬಂದಿತ್ತಲ್ಲವೇ? ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಕ್ಷೀರಭಾಗ್ಯದ ಪುಡಿ ಕೆನೆಭರಿತ ಹಾಲಿನ ಪುಡಿ. ಅರವತ್ತು ವರ್ಷಗಳ ಮೇಲೆ ಮೊದಲ ಬಾರಿಗೆ ಬಡ ಮಗುವಿನ ಲೋಟಕ್ಕೆ ಕೆನೆಯೂ ಬಂತು. 150 ಮಿಲಿಲೀಟರ್ ಇಂಥ ಹಾಲಿನಿಂದ ಸುಮಾರು 90ರಿಂದ 100 ಕ್ಯಾಲೊರಿ, 5 ಗ್ರಾಂನಷ್ಟು ಪ್ರೋಟೀನು ಸಿಗುತ್ತದೆ. 2013ರ ಆಹಾರ ಭದ್ರತಾ ಕಾಯಿದೆ ಅಂಗನವಾಡಿ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಗೊತ್ತುಮಾಡಿತು. ಅದರಲ್ಲಿ ಪ್ರೋಟೀನಿನ ಮೂರನೇ ಒಂದು ಭಾಗ ಈ ಒಂದು ಲೋಟದಿಂದಲೇ ಬಂದಂತಾಯಿತು. ರೈತರ ಹಾಲು ಮಾರಾಟವಾಗಬೇಕಿತ್ತು, ಮಗುವಿಗೆ ಹಾಲು ಬೇಕಿತ್ತು. ಎರಡೂ ಆದರೆ ಮೂದಲಿಸಲು ಕಾರಣವಿಲ್ಲ.

ತಾಯಂದಿರ ಲೋಟ ಬಂದದ್ದು ಇನ್ನೂ ನಾಲ್ಕು ವರ್ಷಗಳ ಮೇಲೆ. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಮಾತೃಪೂರ್ಣ ಯೋಜನೆ ಜಾರಿಯಾಯಿತು. ಗರ್ಭಿಣಿಯರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಯರಿಗೂ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ. ಅನ್ನ, ಬೇಳೆ-ತರಕಾರಿ ಸಾರು, ಬೇಯಿಸಿದ ಮೊಟ್ಟೆ, ಶೇಂಗಾ ಚಿಕ್ಕಿ, ಜೊತೆಗೆ 200 ಮಿಲಿಲೀಟರ್ ಹಾಲು. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಊಟ ಅಂಗನವಾಡಿಯಲ್ಲೇ ಮಾಡಬೇಕು, ಮನೆಗೆ ಒಯ್ಯುವಂತಿಲ್ಲ.

ಈ ಕೊನೆಯ ನಿಯಮಕ್ಕೆ ಕಾರಣ ಇಲ್ಲದಿರಲಿಲ್ಲ. ಅದಕ್ಕೂ ಮುಂಚೆ ಗರ್ಭಿಣಿಗೆಂದು ಕೊಟ್ಟ ದವಸ ಮನೆಯವರೆಲ್ಲರ ಪಾಲಾಗುತ್ತಿತ್ತು. ನಮ್ಮ ಮನೆಗಳಲ್ಲಿ ಹೆಂಗಸು ಊಟಕ್ಕೆ ಕೂರುವುದು ಕೊನೆಗೆ. ತಳದಲ್ಲಿ ಉಳಿದದ್ದು ಅವಳದ್ದು. ಇದು ಒಂದು ಜಾತಿಗೆ, ಒಂದು ಮತಕ್ಕೆ ಸೇರಿದ ಮಾತಲ್ಲ. ಕೇಂದ್ರದಲ್ಲೇ ತಟ್ಟೆ ಹಾಕಿ ಬಡಿಸಿದರೆ ಅವಳ ಊಟ ಅವಳಿಗೇ ಸಿಗುತ್ತದೆ, ಅಂಗನವಾಡಿ ಟೀಚರ್ ಕಬ್ಬಿಣಾಂಶದ ಮಾತ್ರೆಯನ್ನೂ ಕಣ್ಣೆದುರೇ ನುಂಗಿಸಬಹುದು. ಯೋಜಿಸಿದವರ ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಹೆರಿಗೆಯಾದ ಹೆಂಗಸು ಹೊಸಿಲು ದಾಟುವುದಿಲ್ಲ. ಮುಸ್ಲಿಮರಲ್ಲಿ ನಲವತ್ತು ದಿನದ ಚಿಲ್ಲಾ, ಬೇರೆಯವರಲ್ಲಿ ಬಾಣಂತನ. ಅವಧಿ ಮನೆತನಕ್ಕೆ ತಕ್ಕಂತೆ ಹೆಚ್ಚುಕಡಿಮೆ, ಪದ್ಧತಿ ಎಲ್ಲರಲ್ಲೂ ಒಂದೇ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬಿಸಿನೀರು, ಅಂಟಿನುಂಡೆ. ಎಳೆಮಗುವನ್ನು ಎತ್ತಿಕೊಂಡು ಮೇ ತಿಂಗಳ ಬಿಸಿಲಲ್ಲೋ ಶ್ರಾವಣದ ಮಳೆಯಲ್ಲೋ ಎರಡು ಬೀದಿ ದಾಟಿ ಊಟಕ್ಕೆ ಹೋಗುತ್ತೇನೆಂದರೆ ಯಾವ ಅಜ್ಜಿ ಬಿಟ್ಟಾಳು? ಹೆರಿಗೆಗೆ ತವರಿಗೆ ಹೋದವಳ ಹೆಸರು ಗಂಡನ ಊರಿನ ಅಂಗನವಾಡಿಯ ಪುಸ್ತಕದಲ್ಲಿರುವುದು ಇನ್ನೊಂದು ತೊಡಕು. ದಿನಕ್ಕಿಷ್ಟು ಬೀಡಿ ಎಂದು ಲೆಕ್ಕ ಕೊಡಬೇಕಾದವಳಿಗೆ ಮಧ್ಯಾಹ್ನದ ಒಂದು ಗಂಟೆಯೂ ಕೂಲಿಯೇ. ರಮಝಾನಿನಲ್ಲಿ ಇನ್ನೊಂದು ಪೇಚು. ಗರ್ಭಿಣಿಗೂ ಹಾಲುಣಿಸುವವಳಿಗೂ ಉಪವಾಸದಿಂದ ವಿನಾಯಿತಿಯಿದೆ, ಅದನ್ನು ಬಳಸಿಕೊಳ್ಳುವಂತೆ ನಮ್ಮ ಉಲಮಾಗಳು ಜುಮಾ ಪ್ರವಚನದಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ಆದರೂ ಉಪವಾಸ ಹಿಡಿದವಳಿಗೆ ಮಧ್ಯಾಹ್ನದ ತಟ್ಟೆ ದಕ್ಕುವುದಿಲ್ಲ. ಅದೇ ಹಾಲು, ಅದೇ ಮೊಟ್ಟೆ ಇಫ್ತಾರಿಗೆ ಮನೆಯಲ್ಲಿದ್ದರೆ ದಕ್ಕುತ್ತಿತ್ತು.

ಹೀಗೆ ಎದೆಹಾಲು ಇಳಿದು ನೆಲೆಗೊಳ್ಳುವ ಮೊದಲ ನಲವತ್ತು ದಿನ, ಅಂದರೆ ತಾಯಿಗೆ ಅತಿ ಹೆಚ್ಚು ಊಟ ಬೇಕಾದ ದಿನಗಳಲ್ಲೇ ಊಟ ಅವಳಿಂದ ದೂರವಿತ್ತು. ಮದೀನದ ಆ ತಾಯಿಯ ಸಂಕಟವೂ ಇಂಥದ್ದೇ ಒಂದು ಅಂಚಿನದು.

2020ರಲ್ಲಿ ಕೋವಿಡ್ ಬಂದು ಅಂಗನವಾಡಿಗಳು ಮುಚ್ಚಿದಾಗ ನಿಯಮ ತಾನಾಗಿ ಮುರಿಯಿತು. ಅಕ್ಕಿ, ಬೇಳೆ, ಮೊಟ್ಟೆ, ಹಾಲಿನ ಪುಡಿ ಮನೆಗೇ ಹೋಯಿತು. ಅದರಿಂದ ಅನುಕೂಲವೂ ಆಯಿತು, ಹಳೆಯ ಸಮಸ್ಯೆಯೂ ಮರಳಿತು. ಜೊತೆಗೆ ಹೊಸದೊಂದು ಅಪಾಯ: ಮನೆಗೆ ಬಂದ ಪುಡಿ ಎಳೆಗೂಸಿನ ಬಾಟಲಿಗೆ ಹೋಗುವುದು. ಆರು ತಿಂಗಳವರೆಗೆ ಮಗುವಿಗೆ ಎದೆಹಾಲಲ್ಲದೆ ಬೇರೇನೂ ಬೇಡ. ಡೇರಿಯ ಪುಡಿ ಶಿಶು ಆಹಾರವೂ ಅಲ್ಲ. ಅದನ್ನು ಅಳತೆಯಿಲ್ಲದ ನೀರಿನಲ್ಲಿ ಕಲಸಿ ಕುಡಿಸಿದರೆ ಭೇದಿಗೆ ದಾರಿ. ಶಿಶುಹಾಲಿನ ಜಾಹೀರಾತು, ಉಚಿತ ಮಾದರಿ ಹಂಚಿಕೆಯನ್ನು 1992ರ ಕಾಯಿದೆ ನಿಷೇಧಿಸಿತು. ಆದರೆ ಸರಕಾರ ತಾಯಿಗೆಂದು ಕೊಟ್ಟ ಪೊಟ್ಟಣವನ್ನು ಯಾರ ಬಾಯಿಗೆ ಹಾಕಬೇಕೆಂದು ತಿಳಿಸಿ ಹೇಳಬೇಕಾದವಳು ಅಂಗನವಾಡಿ ಟೀಚರ್. ಮನೆಯಲ್ಲಿ ಉರ್ದುವಷ್ಟೇ ಆಡುವ ಅತ್ತೆಗೆ ಅದು ಅರ್ಥವಾಗುವ ಮಾತಿನಲ್ಲಿ ತಲುಪಬೇಕು. 2024ರಲ್ಲಿ ಮೂಡಿಗೆರೆಯ ಅಂಗನವಾಡಿ ನೇಮಕದಲ್ಲಿ ಉರ್ದು ಬಲ್ಲವರು ಬೇಕೆಂದ ಒಂದು ಪ್ರಕಟಣೆಗೆ ಎಷ್ಟೆಲ್ಲ ಗದ್ದಲವಾಯಿತು! ಕನ್ನಡಕ್ಕೆ ಕುತ್ತೆಂದರು. ಪುಡಿ ಕಲಸುವ ಅಳತೆಯನ್ನು ಬಾಣಂತಿಯ ಮನೆಮಾತಿನಲ್ಲಿ ಹೇಳಿದರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಹಾಗೆಯೇ, ಕನ್ನಡ ಕಲಿಯದೆ ದಿನ ದೂಡುವುದು ನಮ್ಮ ಮೊಹಲ್ಲಾಗಳಿಗೂ ಶೋಭೆಯಲ್ಲ.

ಇನ್ನು ಆಯ್ಕೆಯ ಮಾತು. ಅಮೆರಿಕದಲ್ಲಿ 1972ರಲ್ಲಿ ಕಾನೂನಾಗಿ 1974ರಲ್ಲಿ ಕೆಂಟಕಿಯಲ್ಲಿ ಮೊದಲ ಕೇಂದ್ರ ತೆರೆದ ವಿಕ್ ಯೋಜನೆಯಲ್ಲಿ ತಾಯಿಗೆ ಊಟ ಬಡಿಸುವುದಿಲ್ಲ, ಅಂಗಡಿಯಿಂದ ತರಲು ಅಧಿಕಾರ ಕೊಡುತ್ತಾರೆ. 2009ರಿಂದ ಎರಡು ವರ್ಷದೊಳಗಿನ ಮಗುವಿಗೆ ಪೂರ್ಣ ಕೆನೆಯ ಹಾಲು, ದೊಡ್ಡವರಿಗೆ ಕೊಬ್ಬು ಕಡಿಮೆಯದ್ದು ಎಂದು ಗೊತ್ತುಮಾಡಿ, ಹಾಲು ಒಗ್ಗದವರಿಗೆ ಸೋಯಾ ಹಾಲನ್ನೂ ಪಟ್ಟಿಗೆ ಸೇರಿಸಿದರು. ಆಮೇಲೆ ಮೊಸರೂ ಬಂತು. ನಮ್ಮಲ್ಲಿ ಮೊಟ್ಟೆಗೆ ಬದಲಿ ಇದೆ, ಹಾಲಿಗೆ ಇಲ್ಲ. ದಕ್ಷಿಣ ಭಾರತದ ದೊಡ್ಡವರಲ್ಲಿ ಬಹಳ ಮಂದಿಗೆ ಹಸಿ ಹಾಲಿನ ಸಕ್ಕರೆ ಪೂರ್ತಿ ಜೀರ್ಣವಾಗುವುದಿಲ್ಲ. ಮೊಸರು, ಮಜ್ಜಿಗೆ ಸುಲಭವಾಗಿ ಒಗ್ಗುತ್ತದೆ. ಒಂದು ಲೋಟ ಹಾಲು ಕುಡಿದು ಹೊಟ್ಟೆಯುಬ್ಬರಿಸಿದ ಗರ್ಭಿಣಿ ನಾಳೆ ಅದನ್ನು ಮುಟ್ಟುವುದಿಲ್ಲ, ಪುಸ್ತಕದಲ್ಲಿ ಮಾತ್ರ ಅವಳ ಹಾಲು ಖರ್ಚಾಗಿರುತ್ತದೆ.

ದೂರ ಹೋಗುವುದೇ ಬೇಡ. ಪಕ್ಕದ ಆಂಧ್ರಪ್ರದೇಶದ ಅಂಗನವಾಡಿಗಳಿಗೆ ತಿಂಗಳುಗಟ್ಟಲೆ ಕೆಡದ ದ್ರವ ಹಾಲಿನ ಪೊಟ್ಟಣಗಳನ್ನು ಕೆಲವು ವರ್ಷ ಪೂರೈಸಿದ್ದು ನಮ್ಮದೇ ಕರ್ನಾಟಕ ಹಾಲು ಮಹಾಮಂಡಳಿ. ಅಲ್ಲಿನ ತಾಯಿಗೆ ಕತ್ತರಿಸಿ ಕುಡಿಯುವ ಹಾಲು, ನಮ್ಮ ತಾಯಿಗೆ ಕಲಸಿ ಕುಡಿಯುವ ಪುಡಿ. ಬೆಲೆಯ ವ್ಯತ್ಯಾಸವಿದೆ, ಸರಿ. ಎಲ್ಲರಿಗೂ ಆಗದಿದ್ದರೆ ಬೇಡ, ಹೆರಿಗೆಯಾದ ನಲವತ್ತು ದಿನಗಳಿಗೆ, ದಿನಕ್ಕೊಂದರಂತೆ, ಮನೆ ಬಾಗಿಲಿಗೆ ಅಂಥ ಪೊಟ್ಟಣ ಬರಬಾರದೇ? ಒಬ್ಬರೇ ಕುಡಿಯುವಷ್ಟು ಸಣ್ಣ ಪೊಟ್ಟಣ ಹತ್ತು ಜನಕ್ಕೆ ಹಂಚಿಹೋಗುವುದೂ ಕಡಿಮೆ, ಮಗುವಿನ ಬಾಟಲಿಗೆ ಪುಡಿ ಬೀಳುವ ಭಯವೂ ಇಲ್ಲ.

ಈಗ ಇದರ ಮೇಲೆ ಇನ್ನೊಂದು ನಿಯಮ ಬಂದಿದೆ. ಮನೆಗೆ ಒಯ್ಯುವ ಆಹಾರವನ್ನು ಕೊಡುವಾಗ ಫಲಾನುಭವಿಯ ಮುಖವನ್ನು ಫೋನಿನ ಕ್ಯಾಮೆರಾದಲ್ಲಿ ಗುರುತಿಸಬೇಕೆಂದು ಕೇಂದ್ರ ಸರಕಾರ 2025ರ ಜುಲೈ 1ರಿಂದ ಕಡ್ಡಾಯ ಮಾಡಿತು. ಸೋರಿಕೆ ತಡೆಯುವ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಹರಿಹರದ ಒಂದು ಓಣಿಯಲ್ಲಿ ಹತ್ತು ದಿನದ ಮಗುವಿನ ಪಕ್ಕದಲ್ಲಿ ಮಲಗಿರುವ ಹೆಂಗಸು ತನ್ನ ಮುಖ ತೋರಿಸಲು ಅಂಗನವಾಡಿಗೆ ನಡೆದು ಹೋಗಬೇಕೋ, ಫೋನೇ ಅವಳ ಹಾಸಿಗೆಯ ಬಳಿ ಬರಬೇಕೋ ಎಂಬುದನ್ನು ಇಲಾಖೆ ಬರಹದಲ್ಲಿ ಸ್ಪಷ್ಟಪಡಿಸಿ, ಅದನ್ನು ಪ್ರತಿ ತಾಯಿ ಕಾರ್ಡಿನ ಜೊತೆಗೆ ಕನ್ನಡದಲ್ಲೂ ಉರ್ದುವಿನಲ್ಲೂ ಅಚ್ಚುಹಾಕಿ ಕೊಡಬೇಕು.